ಎದುರಿಗೆ ಕೂತವರು

ಮದರಾಸು, ಪೆರಂಬೂರು
೧೨ ಜನವರಿ ೧೯೧೩, ಭಾನುವಾರ

ಚಿ॥ ಸೌ॥ ಸುಂದರಮ್ಮಳಿಗೆ ವೃಷಭೇಂದ್ರಪ್ಪನ ಆಶೀರ್ವಾದ.

ಈ ಕಾಗದವನ್ನು ನಿಂತುಕೊಂಡು ಓದಬೇಡ, ಕೂತು ಓದು. ಗಾಬರಿಯಾಗುವಂಥದ್ದೇನೂ ಇಲ್ಲ. ಕಾಲಿನಿಂದ ತುಳಿದು ನಡೆಸುವ, ಮರ ಕಡೆಯುವ ಯಂತ್ರವೊಂದನ್ನು ಕೊಂಡುಬಿಟ್ಟಿದ್ದೇನೆ. ನಮ್ಮ ರೈಲ್ವೆ ಕಾರ್ಖಾನೆಯ ದೊರೆಯೊಬ್ಬರು ತಮ್ಮ ಬಂಗಲೆಯ ಹಿಂದೆ ಸ್ವಂತ ಹುಚ್ಚಿಗೆ ಇಟ್ಟುಕೊಂಡಿದ್ದರು. ಈಗ ಕೆಲಸ ಬಿಟ್ಟು ವಿಲಾಯಿತಿಗೆ ಹೊರಟರು, ಯಂತ್ರ ನನ್ನ ಪಾಲಿಗೆ ಬಂತು. ಕೆಳಗೆ ತುಳಿಯುವ ಹಲಗೆ, ಅದರ ಮೇಲೆ ದೊಡ್ಡ ಚಕ್ರ, ಚಕ್ರದಿಂದ ಮೇಲಕ್ಕೆ ತೊಗಲಿನ ಪಟ್ಟಿ, ಮೇಲುಗಡೆ ಮರದ ತುಂಡನ್ನು ಸಿಕ್ಕಿಸುವ ಮೊಳೆಗಳು. ತುಳಿದರೆ ಮರ ಬಿಡದೆ ಒಂದೇ ಕಡೆಗೆ ಸುತ್ತುತ್ತದೆ. ಅಪ್ಪ ಮರ ಕಡೆಯುವ ನಮ್ಮ ಮನೆಯ ಹಗ್ಗದ ಯಂತ್ರದ ಹಾಗೆ ಒಂದು ಸಲ ಅತ್ತ, ಒಂದು ಸಲ ಇತ್ತ ಅಲ್ಲ. ಎದುರಿಗೆ ಕೂತು ಹಗ್ಗ ಎಳೆಯುವವರೂ ಬೇಡ. ತುಳಿಯುವವನೇ ಕಡೆಯಬಹುದು.

ಅದಕ್ಕೇ ಕೊಂಡದ್ದು. ಅವ್ವನ ಭುಜದ ವಿಷಯ ನೀನು ಬರೆದಂದಿನಿಂದ ನನಗೆ ಅನ್ನ ಸೇರುತ್ತಿಲ್ಲ. ಮದುವೆಯಾಗಿ ಬಂದಾಗಿನಿಂದ ಅಪ್ಪನ ಎದುರಿಗೆ ಕೂತು ಹಗ್ಗ ಎಳೆದೂ ಎಳೆದೂ ಈಗ ತಲೆ ಬಾಚಿಕೊಳ್ಳಲು ಕೈ ಮೇಲಕ್ಕೆ ಹೋಗದು ಎಂದರೆ, ಮಗ ಅನ್ನಿಸಿಕೊಂಡು ನಾನು ಇಲ್ಲಿ ಕೂತಿರುವುದು ಯಾತಕ್ಕೆ? ಇನ್ನು ಮೇಲೆ ಅವ್ವ ಹಗ್ಗ ಮುಟ್ಟಕೂಡದು.

ಗಾಡಿ ಕೊಟ್ಟಿಗೆಯನ್ನು ತೆರವು ಮಾಡಿಸು. ತಾತನ ಕಾಲದ ಆ ಮುರುಕು ಗಾಡಿಯ ಮೇಲೆ ಕೋಳಿಗಳನ್ನು ಬಿಟ್ಟರೆ ಯಾರೂ ಕೂರುವುದಿಲ್ಲ. ಪೂರ್ವದ ಗೋಡೆಗೆ ಕಿಟಕಿ ಒಡೆಸು, ಒಳಗೆಲ್ಲ ಸುಣ್ಣ ಹೊಡೆಸು. ಅಪ್ಪನ ಬಲಗಣ್ಣಿಗೆ ಪೊರೆ ಬಂದಿದೆ, ಅವರ ಕಸುಬೆಲ್ಲ ಈಗ ಎಡಗಣ್ಣೊಂದರ ಮೇಲೆ ನಿಂತಿದೆ, ಬೆಳಕಿಗೆ ಕೊರತೆಯಾಗಬಾರದು. ನೆಲವನ್ನು ಗಟ್ಟಿಯಾಗಿ ಬಡಿಸಬೇಕು, ಯಂತ್ರ ಅಲುಗಾಡಿದರೆ ಕೆಟ್ಟದ್ದು. ಉಳಿಗಳನ್ನು ತಗುಲಿಹಾಕಲು ಗೋಡೆಗೆ ಗೂಟಗಳು, ಸಾಣೆಕಲ್ಲು ಬಾಗಿಲ ಪಕ್ಕದಲ್ಲಿ, ಹಾಲೆಮರದ ತುಂಡುಗಳು ಅಟ್ಟದ ಮೇಲೆ, ಬಣ್ಣದ ಅರಗು ಬಿಸಿಲು ತಾಗದ ಮೂಲೆಯಲ್ಲಿ. ಮಕ್ಬೂಲನನ್ನು ಕರೆಸು. ಅವನೂ ಕಡೆಯುವವನೇ, ನನ್ನ ಜೊತೆ ಬುಗುರಿ ಆಡಿ ಬೆಳೆದವನು, ಇಲ್ಲ ಅನ್ನುವುದಿಲ್ಲ.

ನನಗೆ ಯುಗಾದಿಯವರೆಗೆ ರಜ ಇಲ್ಲ. ಯಂತ್ರವನ್ನು ಗೂಡ್ಸ್ ಗಾಡಿಗೆ ಹಾಕಿದ್ದೇನೆ. ದಾರಿಯಲ್ಲಿ ಎತ್ತಿ ಕುಕ್ಕಿ ಒಡೆದುಬಿಟ್ಟಾರೆಂಬ ಯೋಚನೆ ಬೇರೆ ಹತ್ತಿದೆ. ಬಂದ ಕೂಡಲೆ ಬರೆ.

ಇಂತು ನಿನ್ನ ಹಿತವನ್ನೇ ಕೋರುವ,
ವೃಷಭೇಂದ್ರಪ್ಪ

*

ಚನ್ನಪಟ್ಟಣ
೨ ಫೆಬ್ರವರಿ ೧೯೧೩

ಯಜಮಾನರ ಪಾದಗಳಿಗೆ ಸುಂದರಮ್ಮ ಶರಣು ಮಾಡಿ ಬರೆದುಕೊಳ್ಳುವುದು.

ನಿಮ್ಮ ಯಂತ್ರ ಬಂತು. ಅದಕ್ಕೇನೂ ಆಗಿಲ್ಲ, ಆಗಿರುವುದೆಲ್ಲ ನಮಗೇ. ಸ್ಟೇಷನ್ನಿನಿಂದ ಮನೆಗೆ ತರುವಷ್ಟರಲ್ಲಿ ಮಕ್ಬೂಲಣ್ಣನ ಸೊಂಟ ಹಿಡಿದುಕೊಂಡಿತು. ಬೀದಿಯವರೆಲ್ಲ ಜಾತ್ರೆಯ ಹಾಗೆ ನೆರೆದರು. ಒಬ್ಬಾಕೆ ಇದು ಎಣ್ಣೆ ತೆಗೆಯುವುದು ಅಂದಳು, ಇನ್ನೊಬ್ಬಾಕೆ ಬಟ್ಟೆ ಹೊಲಿಯುವುದು ಅಂದಳು. ನಾನು ಎರಡಕ್ಕೂ ಹೂಂ ಅಂದೆ.

ಕೊಟ್ಟಿಗೆಯ ಕೆಲಸ ನೀವು ಹೇಳಿದಂತೆಯೇ ಆಗಿದೆ. ಕಿಟಕಿ ಒಡೆದಾಗ ಗೋಡೆಯೇ ಬಿದ್ದುಹೋಗುತ್ತದೆ ಅಂದುಕೊಂಡಿದ್ದೆ, ಬೀಳಲಿಲ್ಲ. ಸುಣ್ಣ ಹೊಡೆದ ಮೇಲೆ ಒಳಗೆ ಎಷ್ಟು ಬೆಳಕಾಗಿದೆಯೆಂದರೆ ಕೋಳಿಗಳು ತಮ್ಮ ಮನೆಯ ಗುರುತೇ ಸಿಕ್ಕದೆ ಬಾಗಿಲಲ್ಲಿ ನಿಂತು ಕೊಕ್ಕೊಕ್ಕೋ ಅನ್ನುತ್ತವೆ.

ಕಷ್ಟ ಬಂದಿರುವುದು ಮಾವನವರ ಕಡೆಯಿಂದ. ಯಂತ್ರವನ್ನು ಸುತ್ತಿ ಸುತ್ತಿ ನೋಡಿದರು, ಚಕ್ರವನ್ನು ಸವರಿದರು. ಮನಸ್ಸಿಗೆ ಬಂದಿದೆಯೆಂದು ಮುಖದಲ್ಲೇ ಗೊತ್ತಾಯಿತು. ಆದರೆ ಇದನ್ನು ನಿಂತುಕೊಂಡು ನಡೆಸಬೇಕೆಂದು ಮಕ್ಬೂಲಣ್ಣ ಹೇಳಿದ್ದೇ ತಡ, ಉರಿದುಬಿದ್ದರು.

"ನಿಂತ್ಕಂಡು ಕಡ್ಯಾಕೆ ನಾನೇನು ಜಟಕಾ ಕುದ್ರೇನೇನ್ಲಾ? ಉಳಿ ಹಿಡ್ಯಾದು ನನ್ ಕೈಯಲ್ಲ ಕಣ್ಲಾ, ನನ್ ಕಾಲ್ ಹೆಬ್ಬೆಟ್ಟು. ಹೆಬ್ಬೆಟ್ಟು ನೆಲದ್ ಮ್ಯಾಲೆ ತುಳ್ಕಂಡು ನಿಂತಿದ್ರೆ ಉಳಿ ಯಾರು ಹಿಡೀತಾರೆ, ನಿಮ್ಮಪ್ಪ?"

ಮಕ್ಬೂಲಣ್ಣ ನಕ್ಕುಬಿಟ್ಟರು. ನನಗೆ ನಗು ಬರಲಿಲ್ಲ. ಅಷ್ಟು ದೂರದಿಂದ ನೀವು ಕಳಿಸಿದ್ದು ಮೂಲೆ ಸೇರುತ್ತದೇನೋ ಎಂದು ಹೆದರಿಕೆಯಾಯಿತು.

ಇನ್ನೊಂದು ಮಾತು ಬರೆಯಲೋ ಬೇಡವೋ ಎಂದು ಯೋಚಿಸಿದೆ. ಅತ್ತೆಯವರು ಹಳೆಯ ಹಗ್ಗವನ್ನು ಬಿಚ್ಚಿ, ಸುರುಳಿ ಸುತ್ತಿ, ನಡುಮನೆಯ ಗೂಟಕ್ಕೆ ತಗುಲಿಹಾಕಿದರು. ಆಮೇಲೆ ನಾನು ತಲೆ ಬಾಚುತ್ತಿದ್ದಾಗ ಕೇಳಿದರು. "ಇನ್ಮ್ಯಾಕೆ ನಾನೇನ್ ಮಾಡ್ಲಿ ಸುಂದ್ರವ್ವಾ?"

"ಸುಮ್ಮನೆ ಆರಾಮಾಗಿ ಕೂತ್ಕೊಳಿ ಅತ್ತೆ" ಅಂದೆ.

"ಎಲ್ಲಿ ಕುಂತ್ಕಳ್ಳಿ?" ಅಂದರು.

 ಅವರಿಗೆ ಭುಜ ನೋವೆಂದು ಈಚೆಗೆ ನಾನೇ ಕೂತು ಹಗ್ಗ ಎಳೆಯುತ್ತಿದ್ದೆನಲ್ಲ, ಮರದ ಮೇಲಿಟ್ಟ ಕಣ್ಣನ್ನು ಅತ್ತಿತ್ತ ಕದಲಿಸದೆ ಎಳೆದರೂ ಮಾವನವರು "ನಿನ್ ಎಳ್ತ ಸರಿ ಬರಾಕಿಲ್ಲ, ನಿಮ್ಮತ್ತೇನ ಕರಿ" ಅನ್ನುತ್ತಿದ್ದರು. ಏನು ತಪ್ಪು ಮಾಡುತ್ತಿದ್ದೆನೋ ಇವತ್ತಿಗೂ ತಿಳಿಯದು. ಮುಂದೆ ಏನು ಮಾಡಬೇಕೆಂದು ಅಪ್ಪಣೆಯಾಗಲಿ.

ನಿಮ್ಮ ದಾರಿ ನೋಡುವ,
ಸುಂದರಮ್ಮ

*

ಮದರಾಸು, ಪೆರಂಬೂರು
೯ ಫೆಬ್ರವರಿ ೧೯೧೩, ಭಾನುವಾರ

ಚಿ॥ ಸೌ॥ ಸುಂದರಮ್ಮಳಿಗೆ ಆಶೀರ್ವಾದ.

ಅಪ್ಪ ಹಟ ಹಿಡಿದರೆ ಬ್ರಹ್ಮ ಬಂದರೂ ಬಿಡಿಸಲಾರ. ನಿಂತು ಕಡೆಯುವುದು ಮೊದಮೊದಲು ಕಷ್ಟ, ಆಮೇಲೆ ಸಲೀಸು ಎಂದು ಒಸಿ ಸಮಾಧಾನದಿಂದ ಹೇಳಿನೋಡು. ಅವ್ವನಿಗೆ ಬೇಜಾರಾಗುವುದು ನಾಲ್ಕು ದಿನ ಮಾತ್ರ. ಭುಜದ ನೋವು ಇಳಿದರೆ ಅವರೇ ನನ್ನನ್ನು ಹೊಗಳುತ್ತಾರೆ, ನೋಡುತ್ತಿರು.

ಈಗ ಮುಖ್ಯವಾದ ಸಂಗತಿ. ಇದನ್ನು ಎಲ್ಲರಿಗೂ ಗಟ್ಟಿಯಾಗಿ ಓದಿ ಹೇಳು. ಈ ಚಕ್ರ ಎರಡು ಕಡೆಗೂ ತಿರುಗಬಲ್ಲದು, ಮೊದಲು ಕೈಯಿಂದ ಯಾವ ಕಡೆಗೆ ಬಿಡುತ್ತೇವೋ ತುಳಿದಂತೆಲ್ಲ ಆ ಕಡೆಗೇ ಓಡುತ್ತದೆ. ತುಳಿಯುವವರು ಚಕ್ರದ ಮೇಲಂಚನ್ನು ತಮ್ಮ ಕಡೆಗೆ ಎಳೆದುಕೊಂಡು, ಆಮೇಲೆ ತುಳಿಯಬೇಕು. ಯಾವ ಕಾರಣಕ್ಕೂ ಆ ಕಡೆಗೆ ತಳ್ಳಿ ಶುರುಮಾಡಬಾರದು. ಅವ್ವನಿಂದ ಅಪ್ಪನಿಗೆ ಹೇಳಿಸು. ನಿನ್ನ ಮಾತಿಗೆ ಸಿಟ್ಟು ಮಾಡಿಯಾರು, ಅವ್ವನ ಮಾತಿಗೆ ಮಾಡುವುದಿಲ್ಲ.

ಪಟ್ಟಿಗೆ ಎಣ್ಣೆ ತಾಗಬಾರದು. ಸೆರಗು, ಪಂಚೆ ಚಕ್ರದ ಹತ್ತಿರ ಸುಳಿಯಬಾರದು. ನಾನು ಇಲ್ಲಿಂದ ಎಷ್ಟು ಬರೆದರೂ ಏನೋ ಒಂದು ಬಿಟ್ಟುಹೋಗಿದೆ ಅನ್ನಿಸುತ್ತಲೇ ಇರುತ್ತದೆ.

ವೃಷಭೇಂದ್ರಪ್ಪ

*

ಚನ್ನಪಟ್ಟಣ
೨೦ ಫೆಬ್ರವರಿ ೧೯೧೩, ಗುರುವಾರ

ಯಜಮಾನರಿಗೆ ಸುಂದರಮ್ಮನ ಶರಣು.

ನೀವು ಇನ್ನು ಯೋಚನೆ ಬಿಡಬಹುದು. ಅಯ್ಯೋ, ಈ ಮನೆಯಲ್ಲಿ ಏನೇನು ನಡೆಯಿತು ಗೊತ್ತೆ! ಮಾವನವರು ಒಂದು ಬೆಳಿಗ್ಗೆ ಯಾರಿಗೂ ಹೇಳದೆ ಗುದ್ದಲಿ ತೆಗೆದುಕೊಂಡು ಹೋಗಿ, ನೀವು ಅಷ್ಟು ಗಟ್ಟಿಯಾಗಿ ಬಡಿಸು ಅಂದಿದ್ದಿರಲ್ಲ, ಆ ನೆಲವನ್ನೇ ಅಗೆಯತೊಡಗಿದರು.  ಕೇಳಿದರೆ, "ಕಾನಕಾನಹಳ್ಳೀಲಿ ನೇಯ್ಯೋರು ಗುಂಡಿ ತೋಡಿ ಮಗ್ಗ ಹಾಕಿರಾಕಿಲ್ವೇನವ್ವ? ನಾನು ಮ್ಯಾಕೆ ಏಳಾಕಿಲ್ಲ. ಅದೇ ಕೆಳಕ್ಕೆ ಇಳೀಲಿ" ಅಂದರು.

ಮಕ್ಬೂಲಣ್ಣನೂ ಸೇರಿ ಯಂತ್ರವನ್ನು ಗುಂಡಿಗೆ ಇಳಿಸಿದರು. ಈಗ ಚಕ್ರದ ಬಹುಪಾಲು, ತುಳಿಯುವ ಹಲಗೆ ಎಲ್ಲ ಗುಂಡಿಯೊಳಗೆ. ಮರ ಸುತ್ತುವ ಜಾಗ ನೆಲಕ್ಕೆ ಸಮನಾಗಿ ಬಂದಿದೆ. ಮಾವನವರು ಎಂದಿನಂತೆ ನೆಲದ ಮೇಲೆ ಕೂತು, ಹೆಬ್ಬೆಟ್ಟಿನಲ್ಲಿ ಉಳಿ ಒತ್ತಿ ಹಿಡಿಯಬಹುದು.

ಹಾಗಾದರೆ ತುಳಿಯುವವರು ಯಾರು ಅನ್ನುತ್ತೀರಿ. ಅಲ್ಲಿಯೇ ಇರುವುದು ಖುಷಿಯ ಸಮಾಚಾರ. ಅತ್ತೆಯವರು! ಮಾವನವರ ಎದುರಿಗೆ, ಗುಂಡಿಯ ಆ ಅಂಚಿನಲ್ಲಿ ಮಣೆ ಹಾಕಿಕೊಂಡು, ಕಾಲು ಇಳಿಬಿಟ್ಟು ತುಳಿಯುತ್ತಾರೆ. ಭುಜಕ್ಕೆ ಏನೇನೂ ಆಯಾಸವಿಲ್ಲ. ಹಲಗೆ ಅವರ ಕಡೆಗೆ ಬರುವಂತೆ ಯಂತ್ರವನ್ನು ತಿರುಗಿಸಿ ನಿಲ್ಲಿಸಿದ್ದಾರೆ. ಮೊದಲಿನ ಹಾಗೆಯೇ ಇಬ್ಬರೂ ಎದುರುಬದುರು. ಅತ್ತೆಯವರಿಗೆ ಹೋದ ಜೀವ ಬಂದಂತಾಗಿದೆ, ಮೊನ್ನೆ ಒಬ್ಬಟ್ಟು ಮಾಡಿದರು.

ನಿಮ್ಮ ಕಾಗದವನ್ನು ಓದಿ ಹೇಳಿದೆ. ಅತ್ತೆಯವರು ಬಾಯಿಪಾಠ ಮಾಡಿದ್ದಾರೆ. "ನನ್ ಕಡೀಕೆ ಎಳ್ಕಂಡು ತುಳೀಬೇಕು, ಆ ಕಡೀಕೆ ತಳ್ಬಾರ್ದು" ಎಂದು ದಿನವೂ ಮರ ಸಿಕ್ಕಿಸದೆ ಬರಿಯ ಚಕ್ರವನ್ನು ತಿರುಗಿಸಿ ಅಭ್ಯಾಸ ಮಾಡುತ್ತಾರೆ. ಬರುವ ಸೋಮವಾರ ಪೂಜೆ ಮಾಡಿ, ಮಾವನವರು ಮೊದಲ ಕುಂಕುಮದ ಭರಣಿಯನ್ನು ಕಡೆಯುತ್ತಾರೆ. ನೀವು ಇರಬೇಕಿತ್ತು.

ಸುಂದರಮ್ಮ

*

ಮದರಾಸು, ಪೆರಂಬೂರು
೨೪ ಫೆಬ್ರವರಿ ೧೯೧೩, ಸೋಮವಾರ

ಸುಂದರಮ್ಮ,

ಚಕ್ರ ಮುಟ್ಟಬೇಡಿ. ಈ ಕಾಗದ ಸೇರುವಾಗ ಅಪ್ಪ ಯಂತ್ರದ ಮುಂದೆ ಕೂತಿದ್ದರೆ ಕೈ ಹಿಡಿದು ಎಬ್ಬಿಸು.

ನಿನ್ನ ಕಾಗದ ಈಗ ಮಧ್ಯಾಹ್ನ ಕೈ ಸೇರಿತು. ಓದಿದವನೇ ಓಡಿಹೋಗಿ ತಂತಿ ಕೊಟ್ಟು ಬಂದೆ. ಆದರೆ ಇವತ್ತೇ ಸೋಮವಾರ. ತಂತಿ ತಲುಪುವಷ್ಟರಲ್ಲಿ ಪೂಜೆಯೇ ಮುಗಿದಿರಬಹುದು. ದೇವರೇ, ಹೊತ್ತು ಮೀರಿದೆಯೋ ಏನೋ.

ತುಳಿಯುವವನೇ ಕಡೆಯುವವನು ಎಂದುಕೊಂಡು, ಚಕ್ರವನ್ನು ತಮ್ಮ ಕಡೆಗೆ ಎಳೆದುಕೊಳ್ಳಬೇಕೆಂದು ನಾನು ಬರೆದೆ. ಎದುರಿಗೆ ಇನ್ನೊಬ್ಬರು ಕೂರುತ್ತಾರೆಂದು ನನಗೆ ಹೊಳೆಯಲೇ ಇಲ್ಲ. ಅವ್ವ ಚಕ್ರವನ್ನು ತನ್ನ ಕಡೆಗೆ ಎಳೆದುಕೊಂಡರೆ, ಅಪ್ಪನ ಮುಂದೆ ಮರ ಕೆಳಗಿನಿಂದ ಮೇಲಕ್ಕೆ ಏಳುತ್ತದೆ. ಉಳಿಯನ್ನು ಕಿತ್ತು ಮುಖಕ್ಕೆ ಎಸೆಯುತ್ತದೆ. ಹಗ್ಗದ ಯಂತ್ರದಲ್ಲಿ ಮರ ಎರಡು ಕಡೆಗೂ ಸುತ್ತುತ್ತದಲ್ಲ, ಮೇಲೇಳುವಾಗ ಅಪ್ಪ ಉಳಿಯನ್ನು ಸಡಿಲ ಬಿಡುತ್ತಾರೆ, ಇಳಿಯುವಾಗ ಒತ್ತುತ್ತಾರೆ. ಇದರಲ್ಲಿ ಇಳಿಯುವುದೇ ಇಲ್ಲ, ಏಳುತ್ತಲೇ ಇರುತ್ತದೆ. ಅಪ್ಪ, ಮಕ್ಬೂಲ ಎಲ್ಲರೂ ಹಗ್ಗದಲ್ಲಿ ಕಲಿತವರು, ಯಾವ ಕಡೆಗೆ ತಿರುಗಬೇಕು ಎಂಬ ಪ್ರಶ್ನೆಯೇ ಅವರಿಗೆ ಏಳುವುದಿಲ್ಲ.

ಅಪ್ಪನಿಗೆ ಇರುವುದು ಒಂದೇ ಕಣ್ಣು.

ಅವ್ವ ಆ ಕಡೆಗೆ ತಳ್ಳಿ ಶುರುಮಾಡಬೇಕು. ಅಪ್ಪನ ಕಡೆಗೆ ತಳ್ಳಬೇಕು. ಅಷ್ಟೇ. ನಾನು ಬೇಡವೆಂದು ಬರೆದದ್ದನ್ನೇ ಮಾಡಬೇಕು. ತಕ್ಷಣ ಬರೆ, ಒಂದು ಗೆರೆ ಸಾಕು.

ವೃಷಭೇಂದ್ರಪ್ಪ

*

ಮದರಾಸು, ಪೆರಂಬೂರು
೨ ಮಾರ್ಚ್ ೧೯೧೩, ಭಾನುವಾರ

ಸುಂದರಮ್ಮಳಿಗೆ,

ವಾರವಾಯಿತು, ನಿನ್ನಿಂದ ಕಾಗದವಿಲ್ಲ. ಟಪಾಲಿನವನು ನನ್ನನ್ನು ಕಂಡರೆ ದೂರದಿಂದಲೇ ತಲೆಯಾಡಿಸುತ್ತಾನೆ. ತಂತಿ ಸೇರಿತೋ ಇಲ್ಲವೋ? ಸೇರಿದ್ದರೆ ಅದರ ಇಂಗ್ಲಿಷನ್ನು ಓದಿ ಹೇಳುವವರು ಸಿಕ್ಕಿದರೋ ಇಲ್ಲವೋ? ಎಲ್ಲವೂ ಕ್ಷೇಮವಾಗಿದ್ದರೆ ನೀನು ಬರೆಯದೆ ಇರುವವಳಲ್ಲ. ಈ ಮಾತನ್ನು ಎಷ್ಟು ಸಲ ತಿರುವಿಹಾಕಿದರೂ ಅದೇ ಅರ್ಥ ಬರುತ್ತದೆ.

ಬೈದಾದರೂ ಬರೆ.

ವೃಷಭೇಂದ್ರಪ್ಪ

*

ಮದರಾಸು, ಪೆರಂಬೂರು
೯ ಮಾರ್ಚ್ ೧೯೧೩, ಭಾನುವಾರ

ಸುಂದರಮ್ಮ,

ಶಿವರಾತ್ರಿಯ ದಿನ ಇಲ್ಲಿಯ ಈಶ್ವರನ ಗುಡಿಗೆ ಹೋಗಿದ್ದೆ. ಅಪ್ಪನ ಕಣ್ಣನ್ನು ಬೇಡುವುದೋ, ನಿನ್ನ ಕಾಗದವನ್ನು ಬೇಡುವುದೋ ತಿಳಿಯದೆ ಸುಮ್ಮನೆ ನಿಂತು ಬಂದೆ. ಕಾರ್ಖಾನೆಯಲ್ಲಿ ಕಡೆಯುವ ಲೇತು ತಿರುಗುವ ಸದ್ದು ಕೇಳಿದರೆ ಎದ್ದು ಹೊರಗೆ ಹೋಗುತ್ತೇನೆ. ಬರುವ ಶನಿವಾರದೊಳಗೆ ಕಾಗದ ಬರದಿದ್ದರೆ ಕೆಲಸ ಹೋದರೂ ಹೋಗಲಿ, ಹೊರಟು ಬರುತ್ತೇನೆ.

ಅವ್ವ ಹಗ್ಗ ಎಳೆಯುತ್ತ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು.

ವೃ.

*

ಚನ್ನಪಟ್ಟಣ
೧೨ ಮಾರ್ಚ್ ೧೯೧೩

ಯಜಮಾನರ ಪಾದಗಳಿಗೆ ಸುಂದರಮ್ಮ ತಪ್ಪೊಪ್ಪಿ ಶರಣು ಮಾಡಿ ಬರೆಯುವುದು.

ಮೊದಲು ಇದನ್ನು ಓದಿಕೊಳ್ಳಿ. ಮಾವನವರ ಕಣ್ಣು ಉಳಿದಿದೆ. ಎಲ್ಲರೂ ಬದುಕಿದ್ದೇವೆ. ಒಮ್ಮೆ ಉಸಿರು ಬಿಟ್ಟು ಮುಂದಕ್ಕೆ ಓದಿ.

ಬರೆಯಬೇಡವೆಂದು ನನ್ನನ್ನು ಕಟ್ಟಿಹಾಕಿದ್ದರು. "ಅವ್ನಿಗೆ ಬರೀಬ್ಯಾಡ ಕಣವ್ವ, ತನ್ನಿಂದ್ಲೇ ಆಯ್ತು ಅಂತ ಕೊರಗಿ ಸಾಯ್ತಾನೆ" ಎಂದು ಮಾವನವರು. "ಭತ್ತ ಕುಟ್ವಾಗ ಕೈ ಮ್ಯಾಲೆ ಒನಕೆ ಬಿತ್ತು ಅಂತ ಬರಿ" ಎಂದು ಅತ್ತೆಯವರು. ಸುಳ್ಳು ಬರೆಯಲು ನನಗೆ ಕೈ ಬರಲಿಲ್ಲ, ನಿಜ ಬರೆಯಲು ಅಪ್ಪಣೆ ಇರಲಿಲ್ಲ. ಇವತ್ತು ನಿಮ್ಮ ಕಾಗದ ಓದಿ ಅತ್ತುಬಿಟ್ಟೆ. ಇನ್ನು ಯಾರ ಮಾತನ್ನೂ ಕೇಳುವುದಿಲ್ಲ.

ಆ ಸೋಮವಾರ ಬೆಳಿಗ್ಗೆ ಚಕ್ರಕ್ಕೆ ವಿಭೂತಿ ಹಚ್ಚಿ, ಕಾಯಿ ಒಡೆದೆವು. ಮಾವನವರು ಕೂತರು. ಅತ್ತೆಯವರು ಎದುರಿಗೆ ಕೂತು, ನೀವು ಬರೆದಿದ್ದಂತೆ ಚಕ್ರವನ್ನು ತಮ್ಮ ಕಡೆಗೆ ಎಳೆದುಕೊಂಡು ತುಳಿದರು. ಮರ ಹಾಡಿದಂತೆ ಸುತ್ತಿತು. ಮಾವನವರು ನಕ್ಕರು. ಹೆಬ್ಬೆಟ್ಟಿನಲ್ಲಿ ಉಳಿಯನ್ನು ಒತ್ತಿ, ಮರಕ್ಕೆ ತಾಗಿಸಿದರು.

ನಾನು ಮರವನ್ನೇ ನೋಡುತ್ತಿದ್ದೆ. ಆದರೂ ನನಗೆ ಏನೂ ಕಾಣಲಿಲ್ಲ. ಕಟ್ಟೆಂದು ಒಂದು ಸದ್ದು, ಅಷ್ಟೇ. ನೋಡುತ್ತೇನೆ, ಮಾವನವರ ಎಡಗಣ್ಣಿನ ಹುಬ್ಬು ಸೀಳಿ ರಕ್ತ ಇಳಿಯುತ್ತಿದೆ, ಉಳಿ ಹಿಂದಿನ ಗೋಡೆಯ ಬುಡದಲ್ಲಿ ಬಿದ್ದಿದೆ. ಅತ್ತೆಯವರ ಬಲಗೈ ಚಕ್ರದ ಕಡ್ಡಿಗಳ ನಡುವೆ ಸಿಕ್ಕಿಕೊಂಡಿದೆ. ಓಡುತ್ತಿದ್ದ ಚಕ್ರಕ್ಕೆ ತಾವೇ ಕೈ ಕೊಟ್ಟು ನಿಲ್ಲಿಸಿದ್ದರು. ಚಕ್ರ ನಿಲ್ಲದಿದ್ದರೆ ಉಳಿ ಹುಬ್ಬಿನಲ್ಲಿ ನಿಲ್ಲುತ್ತಿರಲಿಲ್ಲ, ಕಣ್ಣಿಗೇ ಇಳಿಯುತ್ತಿತ್ತು ಎಂದು ಮಕ್ಬೂಲಣ್ಣ ಹೇಳಿದರು.

ಸಂಜೆ ನಿಮ್ಮ ತಂತಿ ಬಂತು. ತಂತಿಯವನನ್ನು ಕಂಡದ್ದೇ ಅತ್ತೆಯವರು, ನೀವೇ ಹೋದಿರೆಂದು ತಿಳಿದು, ಮುರಿದ ಕೈಯಲ್ಲೇ ಎದೆ ಬಡಿದುಕೊಂಡರು. ಸ್ಟೇಷನ್ ಮಾಸ್ತರರು ಓದಿ ಹೇಳಿದ ಮೇಲೆ, "ನನ್ ಮಗ ಚೆನ್ನಾಗವ್ನಂತೆ, ಯಂತ್ರ ಮುಟ್ಬ್ಯಾಡಿ ಅಂದವ್ನೆ" ಎಂದು ನಕ್ಕರು. ನಗುತ್ತ ನಗುತ್ತಲೇ ಜ್ಞಾನ ತಪ್ಪಿತು.

ವಿರೂಪಾಕ್ಷಿಪುರದಿಂದ ಮೂಳೆ ಕಟ್ಟುವವರು ಬಂದು, ಸೊಪ್ಪು ಅರೆದು ಹಾಕಿ, ಬಿದಿರಿನ ದಬ್ಬೆ ಕಟ್ಟಿದ್ದಾರೆ. ಮಣಿಕಟ್ಟು ಕೂಡಿಕೊಳ್ಳುತ್ತದಂತೆ. ಎರಡು ಬೆರಳು ಇನ್ನು ಮಡಿಸಲು ಬರುವುದಿಲ್ಲ.

ಮಕ್ಬೂಲಣ್ಣ ಅಂದೇ ಕೇಳಿದರು. "ಅಮ್ಮಾ, ಉಳಿ ಹಾರಾಕ್ ಮುಂಚೇನೇ ನೀವು ಕೈ ಕೊಟ್ಬುಟ್ರಲ್ಲ, ನಿಮ್ಗೆ ಹೆಂಗ್ ಗೊತ್ತಾಯ್ತು?"

"ಅವ್ರ ಮಕ ನೋಡ್ತಿದ್ನಲ್ಲಪ್ಪ" ಅಂದರು ಅತ್ತೆಯವರು. "ಏನೋ ಆಯ್ತದೆ ಅಂತ ಮಕದಾಗೆ ಮೊದ್ಲು ಬತ್ತದೆ. ಯಾವತ್ತೂ ನಾನು ಮಕಾನೇ ನೋಡಾದು. ಮರ ನೋಡ್ಕಂಡು ಯಾವಳು ಹಗ್ಗ ಎಳೀತಾಳೆ?"

ನಾನು ಎಳೆದದ್ದು ಏಕೆ ಸರಿ ಬರುತ್ತಿರಲಿಲ್ಲವೆಂದು ಆಗ ತಿಳಿಯಿತು. ಮಾವನವರು ಒಳಗೆ ಹಣೆಗೆ ಬಟ್ಟೆ ಸುತ್ತಿಕೊಂಡು ಮಲಗಿದ್ದರು. ಅವರಿಗೂ ಕೇಳಿಸಿತು. 

ಯಂತ್ರವನ್ನು ಮಾರಿಬಿಡುತ್ತಾರೆ ಅಂದುಕೊಂಡಿದ್ದೆ. ಶಿವರಾತ್ರಿ ಕಳೆದ ಮೇಲೆ ಕೊಟ್ಟಿಗೆಗೆ ಹೋಗಿ ಚಕ್ರದ ರಕ್ತ ಒರೆಸಿ, ಕಡ್ಡಿಗಳ ಮೇಲೆ ಎರಡೂ ಕಡೆಗೆ ತೆಳ್ಳನೆಯ ಹಲಗೆ ಬಡಿದರು. ಇನ್ನು ಅದರೊಳಗೆ ಕೈ ಹೋಗುವುದಿಲ್ಲ. ನಿನ್ನೆ ಬೆಳಿಗ್ಗೆ ಅತ್ತೆಯವರನ್ನು ಕರೆದರು. "ಬಾ ಇಲ್ಲಿ. ನನ್ ಜಾಗದಾಗೆ ಕುಂತ್ಕ."

"ಥೂ, ಅದೇನಂತ ಆಡ್ತೀರಿ" ಅಂದರು ಅತ್ತೆಯವರು. "ಕುಂತ್ಕ ಅಂದೆ" ಅಂದರು ಇವರು. ಕೂರಿಸಿಯೇ ಬಿಟ್ಟರು. ತಾವು ಆ ಕಡೆಗೆ ಹೋಗಿ, ಅತ್ತೆಯವರ ಮಣೆಯ ಮೇಲೆ ಕೂತು, ಗುಂಡಿಯೊಳಗೆ ಕಾಲು ಬಿಟ್ಟರು. ನಿಮ್ಮ ಕಾಗದದಲ್ಲಿದ್ದ ಹಾಗೆ ಚಕ್ರವನ್ನು ಅತ್ತೆಯವರ ಕಡೆಗೆ ತಳ್ಳಿಸಿದೆ. ಮಕ್ಬೂಲಣ್ಣ ಕಡೆದುಕೊಟ್ಟಿದ್ದ ಭರಣಿಯನ್ನು ಸಿಕ್ಕಿಸಿತ್ತು, ಬಣ್ಣ ಹಿಡಿಸುವುದಷ್ಟೇ ಕೆಲಸ. ಅದಕ್ಕೆ ಉಳಿ ಬೇಡವಲ್ಲ. ಅತ್ತೆಯವರು ಎಡಗೈಯಲ್ಲಿ ಕೆಂಪು ಅರಗಿನ ಕಡ್ಡಿಯನ್ನು ಹಿಡಿದು, ಸುತ್ತುವ ಮರಕ್ಕೆ ಒತ್ತಿದರು.

ಮಾವನವರ ತುಳಿತ ನೋಡಬೇಕಿತ್ತು! ಒಮ್ಮೆ ದಡದಡ, ಒಮ್ಮೆ ನಿಂತೇಹೋಯಿತು. ಅರಗು ಕರಗದೆ ಒಂದು ಕಡೆ ಗಂಟುಗಂಟಾಯಿತು. ಬಾಗಿ ಬಾಗಿ ಮರವನ್ನೇ ನೋಡುತ್ತ ತುಳಿಯುತ್ತಿದ್ದರು. ಅತ್ತೆಯವರು ತಡೆದೂ ತಡೆದೂ ಕೊನೆಗೆ ಗದರಿಸಿಯೇ ಬಿಟ್ಟರು.

"ಮರ ಏನ್ ನೋಡ್ತೀರಿ? ನನ್ ಮಕ ನೋಡಿ!"

ಮಾವನವರು ತಲೆ ಎತ್ತಿದರು. ಆಮೇಲೆ ಚಕ್ರ ತಡವರಿಸಲಿಲ್ಲ. ಅವರು ಅತ್ತೆಯವರ ಮುಖವನ್ನು ಅಷ್ಟು ಹೊತ್ತು ನೋಡಿದ್ದನ್ನು ಈ ಮನೆಗೆ ಬಂದಾಗಿನಿಂದ ನಾನು ಕಂಡಿರಲಿಲ್ಲ. ನಾನು ಅರಗು ತರುವ ನೆಪದಲ್ಲಿ ಎದ್ದು ಹೊರಗೆ ಬಂದೆ.

ಭರಣಿಗೆ ತಾಳೆಗರಿ ಉಜ್ಜಿದ ಮೇಲೆ ಚೆನ್ನಾಗಿ ಹೊಳಪು ಬಂದಿದೆ. ಗಂಟಾದ ಕಡೆ ಹಾಗೆಯೇ ಇದೆ. ಅದನ್ನು ಯಾರಿಗೂ ಕೊಡುವುದಿಲ್ಲವಂತೆ, ಅತ್ತೆಯವರು ತಮ್ಮ ಕುಂಕುಮವನ್ನು ಅದಕ್ಕೆ ತುಂಬಿಕೊಂಡಿದ್ದಾರೆ.

ಯುಗಾದಿಗೆ ರಜ ಸಿಕ್ಕಿತೋ ಇಲ್ಲವೋ ಬರೆಯಿರಿ. ಬಂದವರೇ ಚೀಲ ಎಸೆದು ಗಾಡಿ ಕೊಟ್ಟಿಗೆಗೆ ಓಡಬೇಡಿ. ಯಂತ್ರವನ್ನು ಆಮೇಲೆ ನೋಡಿದರಾಯಿತು.

ನಿಮ್ಮ,
ಸುಂದರಮ್ಮ